ಕರಗಿದ ಗಾಜು

ರಾತ್ರಿ, ವಾರದಿಂದ ಒಗೆಯದ ಪ್ರಯೋಗಾಲಯದ ಕೋಟನ್ನು ಬಕೆಟ್ಟಿಗೆ ಹಾಕಿದಾಗ ತಳದಲ್ಲಿ ಟಿಣ್ ಎಂದಿತು. ಗುಂಡಿ ಕಿತ್ತುಬಂದಿರಬೇಕು ಎಂದುಕೊಳ್ಳುವಷ್ಟರಲ್ಲಿ ವಿನುತಾಳಿಗೆ ಗೈಡ್ ಮೇಡಂ ಫೋನು ಬಂತು. ರಕ್ತನಾಳಗಳನ್ನು ಬೆಳೆಸಿ ತಾನು ಕರಗಿಹೋಗುವ ಗಾಜು ಅವಳ ಸಂಶೋಧನೆ. ಮರಿ ಬೆಳೆಯುತ್ತಿದ್ದ ಕೋಳಿಮೊಟ್ಟೆಯೊಳಗೆ ಇಟ್ಟ ಚೂರು ಈ ಸಲವೂ ಸೋತರೆ ಪಿಎಚ್.ಡಿ. ಅಲ್ಲಿಗೇ ನಿಲ್ಲುತ್ತಿತ್ತು.

“ಮೇಡಂ, ಮೊಟ್ಟೆ ತೆರೆದ್ರಾ?”

“ತೆರೆದೆ ಕಣಮ್ಮಾ. ರಕ್ತನಾಳ ಬಲೆ ಹೆಣೆದ ಹಾಗೆ ಬೆಳೆದಿದೆ.”

“ಗಾಜು?”

“ಹುಡುಕಿದ್ರೂ ಸಿಗಲಿಲ್ಲ, ಪೂರ್ತಿ ಕರಗಿದೆ. ನಾನೇ ನಂಬಿರಲಿಲ್ಲ ನೋಡು. ನಾಳೆ ಎಲ್ಲರಿಗೂ ತೋರಿಸೋಣ. ಇವತ್ತಾದ್ರೂ ನಿದ್ದೆ ಮಾಡು.”

ಫೋನಿಟ್ಟು ಅವಳು ಬಕೆಟ್ಟಿನ ತಳ ತಡಕಿದಳು. ಸಿಕ್ಕಿದ್ದು, ಆ ಮೊಟ್ಟೆಯೊಳಗೆ ಇಟ್ಟೆನೆಂದು ತಾನು ನಂಬಿದ್ದ ಗಾಜಿನ ಚೂರು; ಮೊಟ್ಟೆಯಲ್ಲಿ ಬೆಳೆದಿದ್ದದ್ದು ಮರಿಯದೇ ರಕ್ತನಾಳ. ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ಅದನ್ನು ಬಚ್ಚಲ ಕಿಂಡಿಗೆ ಹಾಕಿ ನೀರು ಸುರಿದಳು.