ಶಾಂತಾರಾಮರ ಕರ್ಚೀಫು

ಹಳದಿ ಅಂಗಿಯ ಕುದುರೆವೀರ ಅಷ್ಟು ಹೆಂಗಸರನ್ನು ದಾಟಿ ಬಂದು ಜಯಂತಿಯ ಮುಂದೆಯೇ ನಿಂತ. ಎದೆಗೆ ಕವಚ, ಕೈಯಲ್ಲಿ ಉದ್ದದ ಈಟಿ, ಭುಜದವರೆಗೆ ಇಳಿಬಿದ್ದ ಹೊಂಬಣ್ಣದ ಕೂದಲು. ತಲೆ ಬಾಗಿಸಿ, ನಾಟಕದ ಇಂಗ್ಲಿಷಿನಲ್ಲಿ ಕೇಳಿದ: "ಸುಂದರಿಯೇ, ನಿನ್ನದೊಂದು ವಸ್ತ್ರ ಕೊಡು. ಈಟಿಗೆ ಕಟ್ಟಿಕೊಂಡು ನಿನ್ನ ಹೆಸರಿನಲ್ಲೇ ಕಾದಾಡುತ್ತೇನೆ."

ಪಕ್ಕದಲ್ಲಿದ್ದ ಗಂಡ ಶಾಂತಾರಾಮರ ಬಾಯಿಗೆ ಹೊರಟಿದ್ದ ಬ್ರೆಡ್ಡು ಅರ್ಧ ದಾರಿಯಲ್ಲೇ ನಿಂತಿತು. ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಮಗಳು ನಿಕಿತಾ ಕೊಡಿಸಿದ ಟಿಕೆಟು. ಹಳೆಯ ಕಾಲದ ರಾಜರ ಊಟ, ಜೊತೆಗೆ ಕುದುರೆ ಕಾಳಗದ ಆಟ. ಚಮಚ ಕೊಡುವುದಿಲ್ಲ, ಎಲ್ಲರೂ ಕೈಯಲ್ಲೇ ತಿನ್ನಬೇಕು ಎಂಬುದೊಂದೇ ಅಮೆರಿಕದ ಗೈದರ್ಸ್‌ಬರ್ಗಿನ ಮನೆಯಿಂದ ಬಂದ ಶಾಂತಾರಾಮರಿಗೆ ಹಿಡಿಸಿದ ಸಂಗತಿ. ಹೆಂಡತಿಯನ್ನು ಬೇರೊಬ್ಬ ಸುಂದರಿ ಎನ್ನುತ್ತಾನೆಂದು ಮಗಳು ಹೇಳಿರಲಿಲ್ಲ. ತಾವು ಹಾಗೆ ಕರೆದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋಗಿ, ಬೇಡವೆಂದು ಬಿಟ್ಟರು.

ವೀರನ ಕಣ್ಣು ಜಯಂತಿಯ ರೇಷ್ಮೆ ಸೆರಗಿನ ಮೇಲಿತ್ತು. ಆಕೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಆಮೇಲೆ, ಮನೆಯಲ್ಲಿ ಬಟ್ಟೆ ಒಗೆಯಲು ಹಾಕುವಾಗ ಮಾಡುವಂತೆಯೇ, ಗಂಡನ ಪ್ಯಾಂಟಿನ ಜೇಬಿಗೆ ಕೈ ಹಾಕಿ ಕರ್ಚೀಫು ಎಳೆದಳು.

"ಅದು ಬೇಡ ಮಾರಾಯ್ತಿ, ನಾನು ಅದರಲ್ಲಿ..."

"ಸುಮ್ಮನಿರಿ ನೀವು. ಪಾಪ, ಆಗಿಂದ ಕಾಯ್ತಾ ಇದ್ದಾನೆ."

ವೀರ ಕಣ್ಣು ಮುಚ್ಚಿ ಕರ್ಚೀಫನ್ನು ತುಟಿಗೊತ್ತಿಕೊಂಡ. ಮನೆಯಿಂದ ಇಲ್ಲಿಯವರೆಗೂ ಶಾಂತಾರಾಮರು ಅದರಲ್ಲೇ ಸೀನಿದ್ದರು. ಆದರೂ ಅವರಿಗೆ ನಗು ಬರಲಿಲ್ಲ. ಜಯಂತಿಯ ಮುಖ ಹೊಸ ಮದುಮಗಳ ಹಾಗೆ ಕೆಂಪೇರಿತ್ತು. ಅದು ತಮ್ಮಿಂದ ಆದದ್ದಲ್ಲವಲ್ಲ ಎಂದು ಅವರ ಹೊಟ್ಟೆ ಉರಿಯಿತು. ಬೀಳಲಿ ಇವನು, ಅಂದುಕೊಂಡರು.

ಅವನು ಬಿದ್ದೇಬಿಟ್ಟ. ಎದುರಾಳಿ ಕೆಂಪು ಅಂಗಿಯವನ ಈಟಿ ತಾಗಿದ್ದೇ ತಡ, ಕುದುರೆ ಒಂದು ಕಡೆ, ಇವನೊಂದು ಕಡೆ.

"ಅಯ್ಯೋ, ನನ್ನ ಹೆಸರಿನಲ್ಲೇ ಬಿದ್ನಲ್ಲ," ಎಂದಳು ಜಯಂತಿ. ಮುಖ ಇಷ್ಟೇ ಇಷ್ಟಾಗಿತ್ತು.

ಶಾಂತಾರಾಮರಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ನಿಂತು, ಇಡೀ ಸಭೆ ತಿರುಗಿ ನೋಡುವಂತೆ ಕನ್ನಡದಲ್ಲೇ ಕೂಗಿದರು: "ಏಳು ಮಾರಾಯ! ಎಂತ ಮಲಗಿದ್ದಿ? ಅವಳ ಮರ್ಯಾದೆ ತೆಗೀಬೇಡ, ಏಳು!"

ಏನು ಅರ್ಥವಾಯಿತೋ, ಹಳದಿ ವೀರನ ಕಡೆ ಕೂತಿದ್ದ ಪ್ರೇಕ್ಷಕರೆಲ್ಲ ಎದ್ದು ಅವರ ಜೊತೆ ಬೊಬ್ಬೆ ಹಾಕಿದರು. ವೀರ ಎದ್ದ, ಕತ್ತಿ ಹಿರಿದ, ಗೆದ್ದ. ಮಂಡಿಯೂರಿ ಜಯಂತಿಗೆ ಕರ್ಚೀಫು ಒಪ್ಪಿಸಿದ. ಅವಳು ಅದನ್ನು ಮಡಚಿ ಪರ್ಸಿನೊಳಗೆ ಭದ್ರಪಡಿಸಿದಳು.

ವಾಪಸು ಬರುವಾಗ ಕಾರು ಓಡಿಸುತ್ತಿದ್ದ ಶಾಂತಾರಾಮರ ಮೂಗು ಮತ್ತೆ ಸುರಿಯತೊಡಗಿತು.

"ಆ ಕರ್ಚೀಫು ಕೊಡು ಮಾರಾಯ್ತಿ."

"ಕೊಡ್ಲಿಕ್ಕಿಲ್ಲ. ಅದು ನನಗೆ ಗೆದ್ದು ಕೊಟ್ಟದ್ದು."

"ಮತ್ತೆ ನಾನೆಂತ ಮಾಡುದು? ನಿನ್ನ ಆ ಕುದುರೆಯವನನ್ನು ಕರೀಲಿಕ್ಕಾ?"

ಜಯಂತಿ ಸೊಂಟಕ್ಕೆ ಸಿಕ್ಕಿಸಿದ್ದ ರೇಷ್ಮೆ ಸೆರಗನ್ನು ಬಿಡಿಸಿದಳು. ಜರಿ ಚುಚ್ಚದಂತೆ ಮೆತ್ತನೆಯ ಕಡೆ ಹುಡುಕಿ, ಗಂಡನ ಮೂಗಿಗೆ ಹಿಡಿದಳು.

"ನೀವು ರೋಡ್ ನೋಡಿ," ಎಂದಳು.