ಬೂಷ್ಟು ಹಬ್ಬಿದ ಬಟ್ಟಲು

ಬೂಷ್ಟು ಬೆಳೆಯಲು ಇಂಗಾಲದ ಡೈಆಕ್ಸೈಡ್ ಕೂಡ ಬೇಕು. ಅದನ್ನು ಮೈಗೂಡಿಸಿಕೊಳ್ಳಲು ನೆರವಾಗುವ ಕಿಣ್ವವನ್ನು ಇಂದುಮತಿ ತನ್ನ ಬೂಷ್ಟಿನಿಂದ ತೆಗೆದುಹಾಕಿದ್ದಳು. ಅದಿಲ್ಲದೆಯೂ, ಬರೀ ಗಾಳಿಯಲ್ಲಿರುವ ಅಲ್ಪ ಇಂಗಾಲದ ಡೈಆಕ್ಸೈಡಿನಲ್ಲಿ ಒಂದಾದರೂ ಬದುಕೀತೇ ಎಂಬುದೇ ಅವಳ ಸಂಶೋಧನೆ. ನಾಲ್ಕು ವರ್ಷದಿಂದ ಅವಳ ಗಾಜಿನ ಬಟ್ಟಲುಗಳು ಬೋಳಾಗಿಯೇ ಉಳಿದಿದ್ದವು. ಜೊತೆಗೆ ಸೇರಿದವರೆಲ್ಲ ಪಿಎಚ್.ಡಿ. ಮುಗಿಸಿ ಹೊರಟುಹೋಗಿದ್ದರು. ಈಗ ಲ್ಯಾಬಿನಲ್ಲಿ ಅವಳೊಡನೆ ಮಾತಾಡುವವಳೆಂದರೆ ಕಸ ಗುಡಿಸುವ ಶಿವಗಂಗವ್ವ ಒಬ್ಬಳೇ.

ಆ ಸೋಮವಾರ ಡಬ್ಬಿಯ ಮುಚ್ಚಳ ತೆರೆದರೆ, ಒಳಗಿದ್ದ ಬಟ್ಟಲಿನ ತುಂಬ ಬೆಳ್ಳಗೆ ಬೂಷ್ಟು ಹಬ್ಬಿತ್ತು. ಇಂದುಮತಿ ಕೂಡಲೇ ಗೈಡಿಗೆ ಫೋನ್ ಮಾಡಿದಳು.

“ಬಾಜೂಕ ಬ್ಯಾರೆ ಬೂಷ್ಟು ಇದ್ದರ, ಅದು ಬಿಡೋ ಉಸಿರಿನಾಗ ಇದೂ ಬೆಳಿತದ. ಡಬ್ಬಿಯೊಳಗ ಅದೊಂದ ಇತ್ತೇನು?” ಎಂದು ಅವರು ಕೇಳಿದರು.

“ಅದೊಂದ ಇತ್ತರಿ ಸರ್. ಶನಿವಾರ ನಾನ ಇಟ್ಟು ಹೋಗೀನ್ರಿ.”

“ಹಂಗಾರ ನಿನ್ನ ಥೀಸಿಸ್ ಗೆದ್ದಂಗ. ಈಗ ಬಂದೆ, ತಡಿ.”

ಫೋನಿಟ್ಟವಳೇ ಇಂದುಮತಿ ಶಿವಗಂಗವ್ವನನ್ನು ತಬ್ಬಿಕೊಂಡು ಅತ್ತುಬಿಟ್ಟಳು. “ನಾಕು ವರ್ಷ ಆದ ಮ್ಯಾಲೆ ಬೆಳೀತು ನೋಡಬೇ!”

ಶಿವಗಂಗವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು.

“ಬೆಳಿತೈತಿ ಅಂತ ನನಗ ಗೊತ್ತಿತ್ತವಾ. ಪಾಪ, ಒಂದ ಕುಂತಿತ್ತಲ್ಲ ಅಂತ, ನೀ ಹೋದ ಮ್ಯಾಲೆ ಕಪಾಟಿನಾಗಿನ ಬ್ಯಾರೆ ಬೂಷ್ಟು ತುಂಬಿದ ಬಟ್ಟಲ ನಾಕು ಡಬ್ಬಿಯೊಳಗ ಅದರ ಜೋಡಿ ಇಟ್ಟಿದ್ದೆ. ಇವತ್ತ ಮುಂಜಾನೆ ನೀ ಬರೂದ್ರಾಗ ತಗದೆ.”