ಶನಿವಾರದ ಜಾಗ

ಮೂವರಲ್ಲಿ ಇಬ್ಬರು ಸುಳ್ಳು ಹೇಳುತ್ತಿದ್ದಾರೆ. ಮಾರಿಟ್‌ಗೆ ಅದರಲ್ಲಿ ಅನುಮಾನವೇ ಉಳಿದಿರಲಿಲ್ಲ.

ಧ್ವನಿಮುದ್ರಣವನ್ನು ನಿಲ್ಲಿಸಿ ಅವಳು ಕಿಟಕಿಯತ್ತ ತಿರುಗಿದಳು. ಹುಲ್ಲುಹಾಸಿನ ಆಚೆ ಹಸಿರು ಬಾಗಿಲಿನ ಮನೆ. ವಿಶ್ವವಿದ್ಯಾಲಯದ ಭ್ರಾತೃಸಂಘಗಳಲ್ಲೆಲ್ಲ ಹಳೆಯದು, ಗತ್ತಿನದು. ಅಂಥ ಮನೆಗಳಲ್ಲಿ ವಿದ್ಯಾರ್ಥಿಗಳು ಹೇಗೆ ಬದುಕುತ್ತಾರೆ, ಹೊಸಬನನ್ನು ‘ಸಹೋದರ’ ಎಂದು ಕರೆಯುವ ಮುನ್ನ ಅವನಿಂದ ಏನೇನು ಮಾಡಿಸುತ್ತಾರೆ ಎಂಬುದೇ ಅವಳ ಸಂಶೋಧನೆ. ಈ ವರ್ಷ ಆ ಮನೆಗೆ ಮೂವರು ಹೊಸಬರು. ಮೂವರೂ ಬೇರೆ ಬೇರೆಯಾಗಿ ಅವಳ ಕೋಣೆಗೆ ಬಂದು, ಕದ ಮುಚ್ಚಿಕೊಂಡು ಮಾತಾಡಿ ಹೋಗಿದ್ದರು.

ಒಂದು ವಿಷಯದಲ್ಲಿ ಮೂವರ ಮಾತೂ ತಾಳೆಯಾಗುತ್ತಿತ್ತು. ಶನಿವಾರ ಮಧ್ಯಾಹ್ನ, ಊರಿಗೆ ಊರೇ ಫುಟ್‌ಬಾಲ್ ಪಂದ್ಯಕ್ಕೆ ಹೋಗಿರುವಾಗ, ಕೊನೆಯ ಪರೀಕ್ಷೆ. ಒಬ್ಬೊಬ್ಬನ ಮುಂದೆ ಒಂದೊಂದು ಬಾಟಲಿ ವೋಡ್ಕಾ. ಖಾಲಿಯಾಗುವವರೆಗೆ ಏಳುವಂತಿಲ್ಲ.

ಜಾಗ ಮಾತ್ರ ತಾಳೆಯಾಗಲಿಲ್ಲ. ರೋರಿ ಹೇಳಿದ್ದು ಹೆದ್ದಾರಿ ಪಕ್ಕದ ಪಾಳುಬಿದ್ದ ಕೊಟ್ಟಿಗೆ. ಕ್ಯಾಲ್ವಿನ್ ಹೇಳಿದ್ದು ಸಂಘದ ಮನೆಯದೇ ನೆಲಮಾಳಿಗೆ. ಎಮೆಟ್ ಹೇಳಿದ್ದು ಸರೋವರದ ದಂಡೆಯ ದೋಣಿಮನೆ.

ಎಮೆಟ್ ಕೊನೆಗೆ ಬಂದವನು. ಕುಳಿತ ಕುರ್ಚಿಯ ತುದಿ ಬಿಟ್ಟು ಹಿಂದೆ ಸರಿದಿರಲಿಲ್ಲ.

“ಇಲ್ಲಿ ಹೇಳಿದ್ದು ಆಚೆ ಹೋಗಲ್ಲ ಅಲ್ವಾ ಮೇಡಂ?”

“ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ.”

“ಲೈಲ್‌ಗೂ ಡೀನ್ ಹಾಗೇ ಹೇಳಿದ್ರಂತೆ.” ಹುಡುಗ ನಕ್ಕ. ನಗು ಕಣ್ಣಿಗೆ ಮುಟ್ಟಲಿಲ್ಲ. “ಈಗ ಅವನಿಗೆ ಅವರಮ್ಮ ಚಮಚದಲ್ಲಿ ತಿನ್ನಿಸ್ತಾರೆ.”

ಲೈಲ್ ಹಿಂದಿನ ವರ್ಷದ ಹೊಸಬ. ಮನೆಯ ಗುಟ್ಟನ್ನು ವಿಶ್ವವಿದ್ಯಾಲಯದ ಡೀನ್ ಮುಂದೆ ಬಿಚ್ಚಿಟ್ಟಿದ್ದ. ಅದಾದ ಮೇಲೆ ಆ ಮನೆಯ ಛಾವಣಿಯಿಂದ ಬಿದ್ದಿದ್ದ. ಕಾಲು ಜಾರಿತು ಎಂದು ಎಲ್ಲ ಸಹೋದರರೂ ಒಂದೇ ಮಾತಿನಲ್ಲಿ ಹೇಳಿದ್ದರು.

“ಬಿಟ್ಟು ಹೊರಗೆ ಬಾರಪ್ಪ,” ಎಂದಳು ಮಾರಿಟ್. ಸಂಶೋಧಕಿ ಆಡಬಾರದ ಮಾತು. ಆಡಿದಳು.

“ನಮ್ಮಪ್ಪ ಇದೇ ಮನೆಯವರು. ತಾತನೂ ಅಷ್ಟೇ. ಬಿಟ್ಟು ಬಂದ್ರೆ ಕ್ರಿಸ್‌ಮಸ್ ಊಟಕ್ಕೆ ಟರ್ಕಿ ಕೋಳಿ ಬದಲು ನನ್ನನ್ನೇ ಕುಯ್ತಾರೆ.”

“ದೋಣಿಮನೆ ಅನ್ನೋದು ಖಚಿತಾನಾ?”

“ಗ್ಯಾರಿಕ್ಕೇ ಹೇಳಿದ್ದು. ಬೆಂಚು ಹಾಕಾಗಿದೆ, ಸರೋವರದ ಕಡೆ ಬಾಗಿಲಿಂದ ಬಾ ಅಂದ.” ಗ್ಯಾರಿಕ್ ಸಂಘದ ಅಧ್ಯಕ್ಷ.

“ಉಳಿದಿಬ್ಬರು ಏನಂತಾರೆ?”

“ನಾವು ನಾವೇ ಅದರ ಬಗ್ಗೆ ಮಾತಾಡ್ಕೊಳೋ ಹಾಗಿಲ್ಲ. ಮಾತಾಡಿದ್ರೆ ಮನೆಯಿಂದ ಔಟ್.”

ಅವನು ಹೋದ ಮೇಲೆ ಮಾರಿಟ್ ಬಹಳ ಹೊತ್ತು ಯೋಚಿಸಿದಳು. ಹೆದರಿದವರು ಸುಳ್ಳು ಹೇಳುವುದು ಅವಳಿಗೆ ಹೊಸದಲ್ಲ. ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದರೆ ಹೆಚ್ಚು ವಿವರವಿರುವುದನ್ನು ನಂಬಬೇಕು. ಹಾಗೆಂದು ತನ್ನ ವಿದ್ಯಾರ್ಥಿಗಳಿಗೆ ಅವಳೇ ಪಾಠ ಮಾಡುತ್ತಿದ್ದಳು. ರೋರಿ, ಕ್ಯಾಲ್ವಿನ್ ಜಾಗದ ಹೆಸರಷ್ಟೇ ಹೇಳಿ ಬಾಯಿ ಮುಚ್ಚಿದ್ದರು. ಬೆಂಚು, ಬಾಗಿಲು ಎಂದೆಲ್ಲ ಹೇಳಿದವನು ಎಮೆಟ್ ಒಬ್ಬನೇ.

ಮಾತಾಡಿದವರ ಗುಟ್ಟನ್ನು ಕಾಯುವುದು ಅವಳ ಕೆಲಸದ ಮೊದಲ ನಿಯಮ. ಜೀವಕ್ಕೆ ಅಪಾಯವಿದ್ದರೆ ವಿಷಯ ತಿಳಿಸಬಹುದು ಎಂಬ ವಿನಾಯಿತಿಯೂ ಆ ನಿಯಮದಲ್ಲೇ ಇತ್ತು. ಹೆಸರು ಮಾತ್ರ ಹೇಳಕೂಡದು. ಅವಳು ಎಮೆಟ್‌ನ ಧ್ವನಿಮುದ್ರಣವನ್ನು ಅಳಿಸಿಹಾಕಿದಳು. ಆಮೇಲೆ ವಿಶ್ವವಿದ್ಯಾಲಯದ ಪೊಲೀಸ್ ಅಧಿಕಾರಿ ಡೆಲ್ಬರ್ಟ್‌ಗೆ ಫೋನ್ ಮಾಡಿದಳು.

“ಒಂದೇ ಒಂದು ಜಾಗ ಹೇಳಿ ಡಾಕ್ಟರ್,” ಎಂದ ಅವನು. “ಪಂದ್ಯದ ದಿನ ನನ್ನ ಹತ್ರ ಜನ ಇರಲ್ಲ.”

“ದೋಣಿಮನೆ.”

“ಹೇಳಿದ್ದು ಯಾರು?”

“ಅದನ್ನ ಕೇಳಬೇಡಿ.”

“ಆ ಮೂರು ಹುಡುಗರಲ್ಲಿ ಒಬ್ಬ ತಾನೇ?”

“ಡೆಲ್ಬರ್ಟ್!”

“ಆಯ್ತಮ್ಮ, ಆಯ್ತು. ಕೇಳಲ್ಲ.”

ಶನಿವಾರ ಅವಳು ಹೋಗಬೇಕಾಗಿರಲಿಲ್ಲ. ಮನಸ್ಸು ತಡೆಯದೆ ಡೆಲ್ಬರ್ಟ್‌ನ ಕಾರು ಹತ್ತಿದಳು. ಕ್ರೀಡಾಂಗಣದ ಕಡೆಯಿಂದ ಗದ್ದಲ ಗಾಳಿಯಲ್ಲಿ ಅಲೆಅಲೆಯಾಗಿ ಬರುತ್ತಿತ್ತು. ದೋಣಿಮನೆಯ ಬಾಗಿಲು ತೆರೆದೇ ಇತ್ತು.

ಒಳಗೆ ಗ್ಯಾರಿಕ್ ಒಬ್ಬನೇ. ಮಗುಚಿ ಹಾಕಿದ ದೋಣಿಯ ಮೇಲೆ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಅವರನ್ನು ಕಂಡು ಎದ್ದು ನಿಂತ. ಒಳ್ಳೆಯ ಮನೆತನದ ಹುಡುಗ.

“ಹೊಸ ಹುಡುಗರೆಲ್ಲಿ?” ಡೆಲ್ಬರ್ಟ್ ಗದರಿದ.

“ಪಂದ್ಯಕ್ಕೆ ಹೊರಟಿದಾರೆ ಸಾರ್. ಮೂವರೂ ನಮ್ಮ ವ್ಯಾನಲ್ಲೇ ಇದಾರೆ.”

“ನೀನಿಲ್ಲಿ ಏನ್ ಮಾಡ್ತಿದೀಯ?”

“ಕಾಯ್ತಿದ್ದೆ.”

“ಯಾರನ್ನ?”

“ಯಾರು ಬಂದ್ರೂ ಸರಿ ಅಂತ.”

ಡೆಲ್ಬರ್ಟ್ ಮೂಲೆಮೂಲೆ ಹುಡುಕಿದ. ಬಾಟಲಿಯಿಲ್ಲ, ಬೆಂಚಿಲ್ಲ. ಬೈದುಕೊಳ್ಳುತ್ತ ದಂಡೆಯನ್ನು ನೋಡಿ ಬರಲು ಹೊರಗೆ ಹೋದ. ಮಾರಿಟ್‌ಗೆ ಎದೆಯ ಭಾರ ಇಳಿದಂತಾಯಿತು. ಸುದ್ದಿ ಸಿಕ್ಕಿ ಹೆದರಿ ಕೈಬಿಟ್ಟಿದ್ದಾರೆ. ಇವತ್ತು ಯಾರೂ ಕುಡಿಯುವುದಿಲ್ಲ, ಯಾರೂ ಸಾಯುವುದಿಲ್ಲ. ಎಮೆಟ್‌ನ ಹೆಸರು ತನ್ನ ಬಾಯಿಂದ ಬರಲೇ ಇಲ್ಲ.

ಗ್ಯಾರಿಕ್ ಕೈ ಒರೆಸಿಕೊಂಡು ಫೋನ್ ಕಿವಿಗಿಟ್ಟ. ಅವಳು ಎದುರಿಗಿದ್ದುದಕ್ಕೆ ಅವನು ದನಿ ತಗ್ಗಿಸಲಿಲ್ಲ.

“ನನ್ನ ಹತ್ರಾನೇ ಬಂದ್ರು. ಕೊಟ್ಟಿಗೇಲಿ, ನೆಲಮಾಳಿಗೇಲಿ ಕಾಯ್ತಿರೋ ನಮ್ಮವರಿಗೆ ಎದ್ದು ಬರೋಕೆ ಹೇಳು. ಹೊಸಬರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಜಾಗ ಹೇಳಿದ್ದು ಒಳ್ಳೇದೇ ಆಯ್ತು.”

ಆಮೇಲೆ, ಮಾರಿಟ್‌ಳನ್ನೇ ನೋಡುತ್ತ, ಮೆಲ್ಲಗೆ ಹೇಳಿದ: “ಇಬ್ಬರಿಗೆ ಟಿಕೆಟ್ ಕೊಟ್ಟು ಇಳಿಸ್ಬಿಡು. ಎಮೆಟ್ ವ್ಯಾನಲ್ಲೇ ಇರಲಿ.”